ಎತ್ತರದಲ್ಲಿ ಒಂದು ಹೆಸರುಂಡೆ

ಮೂಡುಬಿದಿರೆಯಲ್ಲಿ ಈಗ ನನ್ನ ಬಗ್ಗೆ ಒಂದು ಒಳ್ಳೆಯ ಮಾತು ತಿರುಗುತ್ತಾ ಉಂಟು. "ಧರಣೇಂದ್ರಣ್ಣ ದುಬೈಗೆ ಹೋದರೂ ನಿಯಮ ಬಿಡಲಿಲ್ಲವಂತೆ. ಹೊತ್ತು ಮುಳುಗಿತು ಅಂತ ಗಂಡ ಹೆಂಡತಿ ಇಬ್ಬರೂ ಒಂದು ತೊಟ್ಟು ನೀರು ಸಹ ಕುಡಿಯದೆ ಮಲಗಿದರಂತೆ." ಬಸದಿಯ ಅಂಗಳದಲ್ಲಿ ಯಾರಾದರೂ ಹೀಗೆ ಹೇಳಿದಾಗ ನಾನು ತಲೆ ತಗ್ಗಿಸುತ್ತೇನೆ. ಜನ ಅದನ್ನು ವಿನಯ ಎಂದು ತಿಳಿಯುತ್ತಾರೆ. ವಿನಯ ಅಲ್ಲ ಅದು. ಆ ಮಾತಿನಲ್ಲಿ ಹೆಂಡತಿಯ ಅರ್ಧ ಮಾತ್ರ ಸತ್ಯ. ನನ್ನ ಅರ್ಧ ಏನಾಯಿತೆಂದು ಹೇಳಲಿಕ್ಕೇ ಈ ಪ್ರವಾಸದ ಕಥೆ ಬರೆಯಲು ಕುಳಿತಿದ್ದೇನೆ. ದುಬೈಯಲ್ಲಿ ನಾವು ಒಂದು ವಾರ ಇದ್ದೆವು. ಆದರೆ ನನಗೆ ನೆನಪಿರುವುದು ಮೊದಲ ದಿನ ಮಾತ್ರ. ಉಳಿದ ದಿನಗಳಲ್ಲಿ ಏನು ನೋಡಿದರೂ ಅದರ ಮುಂದೆ ಒಂದು ಹೆಸರುಂಡೆ ಅಡ್ಡ ಬರುತ್ತಿತ್ತು.

ನಾವು ಜೈನರು. ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುವುದಿಲ್ಲ, ನೀರು ಕುಡಿಯುವುದಿಲ್ಲ. ನೆಲದ ಒಳಗೆ ಬೆಳೆಯುವ ಗೆಡ್ಡೆಗೆಣಸು, ನೀರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲ. ಈಗಿನವರು ಸ್ವಲ್ಪ ಸಡಿಲ. ಆ ಸಡಿಲವನ್ನು ಬಿಗಿ ಮಾಡುವ ಕೆಲಸವನ್ನು ನನಗೆ ಯಾರೂ ಕೊಟ್ಟಿರಲಿಲ್ಲ, ನಾನೇ ತೆಗೆದುಕೊಂಡಿದ್ದೆ. ಜವಳಿ ಅಂಗಡಿ ಬಿಟ್ಟ ಮೇಲೆ ಬೇರೆ ಉದ್ಯೋಗವೂ ಇರಲಿಲ್ಲ. ಮದುವೆ ಇರಲಿ, ಗೃಹಪ್ರವೇಶ ಇರಲಿ, ಸಂಜೆಯ ಪಂಕ್ತಿಯಲ್ಲಿ ನಾನು ಪಡುವಣದ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಒಂದು ಕಣ್ಣು ಆಕಾಶಕ್ಕೆ, ಒಂದು ಕಣ್ಣು ವಾಚಿಗೆ. ಹೊತ್ತಾದ ಕೂಡಲೇ "ಆಯಿತು!" ಎಂದು ಒಂದು ಕೂಗು. ಒಮ್ಮೆ ಇನ್ಶೂರೆನ್ಸಿನ ಅನಂತಣ್ಣ ಬೆಳ್ತಂಗಡಿಯ ಬಸ್ಸು ಇಳಿದು ಓಡಿಕೊಂಡು ಬಂದು ಎಲೆಯ ಮುಂದೆ ಕುಳಿತಿದ್ದ. ಹೋಳಿಗೆಯನ್ನು ಮಡಚಿ ಬಾಯಿಯ ಹತ್ತಿರ ತಂದಾಗ ನನ್ನ "ಆಯಿತು" ಬಿತ್ತು. ಅವನು ಹೋಳಿಗೆಯನ್ನು ಮೆಲ್ಲಗೆ ಎಲೆಗೆ ಇಳಿಸಿದ. ಮಲಗಿದ ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ. ಆ ದಿನ ನನಗೆ ಬಹಳ ಹೆಮ್ಮೆಯಾಗಿತ್ತು.

ದೋಣಿಯಲ್ಲಿ

ನಮ್ಮನ್ನು ದುಬೈಗೆ ಕರೆಸಿಕೊಂಡವನು ಸುಂದರ. ಸಿದ್ಧಕಟ್ಟೆಯವನು, ಹೈಸ್ಕೂಲಿನಲ್ಲಿ ನನ್ನ ಬೆಂಚಿನವನು. ಅಲ್ಲಿ ಹೋಟೆಲು ನಡೆಸಿ ನಡೆಸಿ ಈಗ ಹೊಟ್ಟೆಯೂ ಹೋಟೆಲಿನಷ್ಟೇ ದೊಡ್ಡದಾಗಿದೆ. ಬೆಳಿಗ್ಗೆ ವಿಮಾನ ಇಳಿದ ನಮ್ಮನ್ನು ಮನೆಗೆ ಕರೆದುಕೊಂಡು ಹೋಗಿ ಸ್ನಾನ ಮಾಡಿಸಿ, "ಮಲಗಲಿಕ್ಕೆ ಊರಿಲ್ವಾ ಮಾರಾಯ? ಹೋಗುವ, ಹೋಗುವ" ಎಂದು ಹೊರಡಿಸಿದ.

ಮೊದಲು ಕಂಡದ್ದು ಊರಿನ ನಡುವೆ ಹರಿಯುವ ಕಡಲಿನ ಒಂದು ಕೈ. ಅದನ್ನು ದಾಟಲಿಕ್ಕೆ ಮರದ ದೋಣಿಗಳು. ನನಗೆ ನರಿಕೊಂಬಿನ ಹಳೆಯ ದೋಣಿ ಕಡವು ನೆನಪಾಯಿತು. ನಮ್ಮಲ್ಲಿ ದೋಣಿ ತುಂಬುವವರೆಗೆ ದೋಣಿಯವನು ಬೀಡಿ ಸೇದುತ್ತಾನೆ, ತುಂಬಿದ ಮೇಲೆ ಇನ್ನೊಂದು ಸೇದುತ್ತಾನೆ. ಇಲ್ಲಿಯವನು ನಾನು ಕುಳಿತೆನೋ ಇಲ್ಲವೋ ಎಂದು ಸಹ ನೋಡಲಿಲ್ಲ, ಇಂಜಿನು ಬಿಟ್ಟ. ನಾನು ಕುಳಿತದ್ದು ಒಬ್ಬ ದೊಡ್ಡ ಗಡ್ಡದ ವ್ಯಾಪಾರಿಯ ಮಡಿಲಲ್ಲಿ. ಅವನು ಸಿಟ್ಟಾಗಲಿಲ್ಲ. ನನ್ನ ಸೊಂಟ ಹಿಡಿದು ಎತ್ತಿ, ಪಕ್ಕದಲ್ಲಿ ಇಟ್ಟ. ನಾನು ಇಷ್ಟು ಹಗುರ ಎಂದು ಆವರೆಗೆ ನನಗೆ ಗೊತ್ತಿರಲಿಲ್ಲ.

ಬೆಳಗಿನ ತಿಂಡಿಗೆಂದು ಹೆಂಡತಿ ಸುಲೋಚನ ಊರಿನ ಬಾಳೆಹಣ್ಣು ತಂದಿದ್ದಳು. ನಾನು ಒಂದನ್ನು ಸುಲಿದು, ಕೈಯಲ್ಲಿ ಹಿಡಿದುಕೊಂಡೇ ಸುಂದರನಿಗೆ ನಮ್ಮ ಊರಿನ ಸಾವಿರ ಕಂಬದ ಬಸದಿಯ ಬಗ್ಗೆ ಹೇಳಲು ಸುರು ಮಾಡಿದೆ. "ಇಲ್ಲಿ ಎಷ್ಟು ದೊಡ್ಡ ಕಟ್ಟಡ ಇದ್ದರೇನು, ಒಂದು ಕಂಬ ಕಾಣುವುದಿಲ್ಲ" ಎಂದು ಬಾಳೆಹಣ್ಣು ಎತ್ತಿ ತೋರಿಸಿದೆ. ಬಿಳಿ ಕಡಲಹಕ್ಕಿಯೊಂದು ಬಂದು ಅದನ್ನು ಎತ್ತಿಕೊಂಡು ಹೋಯಿತು. ನನ್ನ ಕೈಯಲ್ಲಿ ಸಿಪ್ಪೆ ಮಾತ್ರ ಉಳಿಯಿತು.

ಉಳಿದ ಬಾಳೆಹಣ್ಣುಗಳ ಚೀಲ, ನೋಡಿದರೆ, ಹತ್ತಿದ ಕಡೆಯಲ್ಲೇ ಬಿಟ್ಟುಹೋಗಿತ್ತು.

"ಹಕ್ಕಿಗೂ ಭಾಷಣ ಕೇಳಿ ಸಾಕಾಯ್ತು ಕಾಣ್ತದೆ" ಎಂದಳು ಸುಲೋಚನ.

ಊಟದ ಅಂಗಳದಲ್ಲಿ

ಮಧ್ಯಾಹ್ನ ಸುಂದರ ನಮ್ಮನ್ನು ಒಂದು ದೊಡ್ಡ ಮಾಲಿಗೆ ಕರೆದುಕೊಂಡು ಹೋದ. ಊಟದ ಅಂಗಡಿಗಳೆಲ್ಲ ಒಂದೇ ಅಂಗಳದಲ್ಲಿ ಸಾಲಾಗಿ ನಿಂತಿದ್ದವು, ಜಾತ್ರೆಯ ಸಂತೆಯ ಹಾಗೆ. ಆದರೆ ಇಲ್ಲಿ ಯಾರೂ ಕೂಗುವುದಿಲ್ಲ. ಚಳಿ ಮಾತ್ರ ವಿಪರೀತ. ಹೊರಗೆ ಮರಳುಗಾಡು, ಒಳಗೆ ಹಿಮಾಲಯ. ನಾನು ಕಿವಿ ಮುಚ್ಚುವ ಉಲ್ಲನ್ ಟೊಪ್ಪಿ ಹಾಕಿಕೊಂಡೆ. ಈ ಟೊಪ್ಪಿಯನ್ನು ದಯವಿಟ್ಟು ನೆನಪಿಡಿ.

ಬಡಿಸುವ ಹೆಂಗಸು ಯಾವ ದೇಶದವಳೋ, ಬಹಳ ತಾಳ್ಮೆಯವಳು. ಸುಂದರ ಹಿಂದಿಯಲ್ಲಿ ನನ್ನ ಪ್ರಶ್ನೆಗಳನ್ನು ಅವಳಿಗೆ ದಾಟಿಸಿದ. ಕಡಲೆಯ ಚಟ್ನಿಯಲ್ಲಿ ಬೆಳ್ಳುಳ್ಳಿ ಉಂಟಾ? ಉಂಟು. ವಡೆಯಲ್ಲಿ ನೀರುಳ್ಳಿ? ಉಂಟು. ಈ ಸೊಪ್ಪಿನಲ್ಲಿ? ಮೂಲಂಗಿ ಉಂಟು. ಸೂಪಿನಲ್ಲಿ? ಕ್ಯಾರೆಟ್ ಉಂಟು. ರೊಟ್ಟಿಯಲ್ಲಿ? ಅವಳು ಒಳಗೆ ಹೋಗಿ ಕೇಳಿ ಬಂದು, ಮೊಟ್ಟೆ ಎಂದಳು. ನಮ್ಮ ಹಿಂದೆ ಸಾಲು ಬೆಳೆಯಿತು. ಕೊನೆಗೆ ಅವಳು ಒಂದು ನೀರಿನ ಬಾಟಲಿ ಎತ್ತಿ, ಎರಡೂ ಕಡೆ ತಿರುಗಿಸಿ ತೋರಿಸಿ, "ಇದರಲ್ಲಿ ಏನೂ ಇಲ್ಲ ಸರ್" ಎಂದಳು.

ನಾವು ಸೌತೆಕಾಯಿ ಮತ್ತು ಕಿತ್ತಳೆ ತಿಂದೆವು. ಸುಂದರ ನಮ್ಮ ಎದುರಿನಲ್ಲೇ ಒಂದು ಬಟ್ಟಲು ಬಿರಿಯಾನಿ ಮುಗಿಸಿದ. "ಧರಣಿ, ನೀನು ಈ ಊರಿಗೆ ಬಂದದ್ದು ಸೌತೆಕಾಯಿ ತಿನ್ಲಿಕ್ಕಾ? ಅದು ನಿನ್ನ ಹಿತ್ತಲಲ್ಲೇ ಇತ್ತಲ್ಲ."

ಸುಲೋಚನಳ ಕೈಚೀಲದಲ್ಲಿ ಒಂದು ಸ್ಟೀಲಿನ ಡಬ್ಬಿ ಇತ್ತು. ಡಬ್ಬಿಯ ತುಂಬ ಅವಳು ಕಟ್ಟಿದ ಹೆಸರುಂಡೆ. ಹುರಿದ ಹೆಸರಿನ ಹುಡಿ, ಬೆಲ್ಲ, ಮನೆಯ ತುಪ್ಪ. "ಒಂದೊಂದು ತಿನ್ನುವನಾ?" ಎಂದು ಅವಳು ಮುಚ್ಚಳ ತೆಗೆದಳು.

"ಬೇಡ, ಸಂಜೆಗೆ ಇರಲಿ. ಸಂಜೆ ಏನೂ ಸಿಗದಿದ್ದರೆ?" ಎಂದೆ ನಾನು.

ಅವಳು ಮುಚ್ಚಿದಳು. ಅದು ಮೊದಲನೆಯ ಸಲ.

ಆಕಾಶ ಇಲ್ಲದ ಪೇಟೆಯಲ್ಲಿ

ಆ ಮಾಲಿನ ಒಳಗೆ ಒಂದು ಗಾಜಿನ ಕಡಲು ಉಂಟು. ಒಂದೊಂದು ಮೀನು ನಮ್ಮ ಮನೆಯ ಬಾಗಿಲಷ್ಟು ಉದ್ದ. ಸುಂದರ ಅದರ ಮುಂದೆ ನಿಂತು ಊರಿನ ಮಾರ್ಕೆಟಿನಲ್ಲಿ ನಿಂತವನ ಹಾಗೆ, "ಇದು ಪುಳಿಮುಂಚಿ ಸಾರಿಗೆ ಆಗ್ತದೆ, ಇದು ಕಾಯಿಸಿದರೆ ಒಳ್ಳೆಯದು" ಎಂದು ಬೆರಳು ಮಾಡುತ್ತಾ ಹೋದ. ಪಕ್ಕದಲ್ಲಿ ಒಬ್ಬ ಬಿಳಿಯ ಹೆಂಗಸು ಕೈಮುಗಿದು ನಿಂತಿದ್ದಳು. ಇವನು ಮೀನಿಗೆ ಮಂತ್ರ ಹೇಳುತ್ತಿದ್ದಾನೆ ಎಂದು ಅವಳು ತಿಳಿದಿರಬೇಕು.

ನಮ್ಮನ್ನು ಅಲ್ಲೇ ಒಂದು ಬೆಂಚಿನಲ್ಲಿ ಕೂರಿಸಿ ಸುಂದರ ಟಿಕೇಟು ತರಲು ಹೋದ. ನಡೆದು ನಡೆದು ನಮಗೆ ಕಾಲು ಸೋತಿತ್ತು. ಸುಲೋಚನ ಪುನಃ ಡಬ್ಬಿ ತೆರೆದಳು. ತುಪ್ಪದ ಪರಿಮಳ ಬಂತು. ಅವಳು ಒಂದು ಉಂಡೆಯನ್ನು ಕೈಗೆ ತೆಗೆದುಕೊಂಡದ್ದೂ ಆಗಿತ್ತು.

ನಾನು ವಾಚು ನೋಡಿದೆ. ಆರು ದಾಟಿತ್ತು.

"ಆಯಿತು!" ಎಂದೆ. ಅಭ್ಯಾಸ ಬಲದಿಂದ ಸ್ವಲ್ಪ ಜೋರಾಗಿಯೇ ಎಂದೆ. ಗಾಜಿನ ಹತ್ತಿರ ಇದ್ದ ನಾಲ್ಕು ಜನ ತಿರುಗಿ ನೋಡಿದರು.

"ಆಯಿತಾ? ಇಷ್ಟು ಬೇಗ?"

"ವಾಚು ಸುಳ್ಳು ಹೇಳ್ತದಾ?"

ಅವಳು ಉಂಡೆಯನ್ನು ಡಬ್ಬಿಗೆ ಇಳಿಸಿದಳು. ಅನಂತಣ್ಣ ಹೋಳಿಗೆ ಇಳಿಸಿದ ಹಾಗೆಯೇ. ಆದರೆ ಈ ಸಲ ಹೆಮ್ಮೆ ಆಗಲಿಲ್ಲ, ಯಾಕೆಂದರೆ ನನ್ನ ಹೊಟ್ಟೆಯೂ ಕೂಗುತ್ತಿತ್ತು. ಇಬ್ಬರೂ ಮೀನು ನೋಡುತ್ತಾ ಕುಳಿತೆವು. ಮೀನುಗಳಿಗೆ ಮೇಲಿನಿಂದ ಯಾರೋ ತಿಂಡಿ ಹಾಕುತ್ತಿದ್ದರು.

ಸುಂದರ ಬಂದವನು ನಮ್ಮ ಮುಖ ನೋಡಿ, "ಎಂಥ ಆಯ್ತು, ಯಾರು ಸತ್ತದ್ದು?" ಎಂದ. ಹೊತ್ತು ಮುಳುಗಿತು ಎಂದೆ. ಅವನು ನನ್ನ ಕೈ ಹಿಡಿದೆಳೆದು ವಾಚು ನೋಡಿದ. ಮತ್ತೆ ನಗಲು ಸುರು ಮಾಡಿದ. ಹೊಟ್ಟೆ ಕುಣಿದು ಕುಣಿದು ಅವನ ಅಂಗಿಯ ಗುಂಡಿ ಒಂದು ಹಾರಿತು.

"ಮಾರಾಯ, ಇದು ಮೂಡುಬಿದಿರೆಯ ಗಂಟೆ! ನೀನು ವಾಚು ತಿರುಗಿಸ್ಲೇ ಇಲ್ವಾ? ಇಲ್ಲಿ ಐದು ಸಹ ಆಗ್ಲಿಲ್ಲ. ಹೊರಗೆ ಬಿಸಿಲು ಉಂಟು!"

ವಾಚು ತಿರುಗಿಸದಿರುವುದಕ್ಕೆ ನನ್ನದೇ ಒಂದು ಕಾರಣ ಇತ್ತು. ಬಸದಿಯಲ್ಲಿ ಈಗ ಗಂಟೆ ಬಡಿಯುತ್ತದೆ, ಈಗ ಆರತಿ ಆಗುತ್ತದೆ ಎಂದು ಗೊತ್ತಾಗಲಿ ಅಂತ. ಅದನ್ನು ಹೇಳಲು ಬಾಯಿ ತೆರೆದೆ. ಸುಲೋಚನ ನನ್ನನ್ನು ನೋಡಿದಳು. ಬಾಯಿ ಮುಚ್ಚಿದೆ.

ಕಟ್ಟಡದ ಬುಡದಲ್ಲಿ

ಸುಂದರ ತಂದದ್ದು ಆ ಊರಿನ ಅತಿ ಎತ್ತರದ ಕಟ್ಟಡ ಹತ್ತುವ ಟಿಕೇಟು. "ಸರಿಯಾಗಿ ಹೊತ್ತು ಮುಳುಗುವ ಸಮಯಕ್ಕೆ ತೆಗೆದದ್ದು. ಅದಕ್ಕೇ ಜನ ಸಾಯ್ತಾರೆ, ಸಿಗುವುದೇ ಇಲ್ಲ" ಎಂದು ಹೆಮ್ಮೆಪಟ್ಟ. ಡಬ್ಬಿ ತೆರೆಯಲೂ ಬಿಡದೆ, ಸಾಲು ಉದ್ದ ಉಂಟೆಂದು ನಮ್ಮನ್ನು ಎಬ್ಬಿಸಿದ. ನಾನು ಯೋಚಿಸಿದೆ: ಪ್ರಪಂಚವೆಲ್ಲ ಹೊತ್ತು ಮುಳುಗುವುದನ್ನು ನೋಡಲು ಇಲ್ಲಿಗೆ ಬರುತ್ತದೆ. ನಮಗೆ ಅದು ಕೈ ತೊಳೆಯುವ ಗಂಟೆ.

ಹೊರಗೆ ಬಂದು ಒಂದು ದೊಡ್ಡ ಕೊಳದ ಪಕ್ಕದಿಂದ ಹೋದೆವು. ಸೂರ್ಯ ನಿಜವಾಗಿಯೂ ಇದ್ದ, ಎರಡು ಕಟ್ಟಡಗಳ ನಡುವೆ. ಅವನನ್ನು ನೋಡಿ ನನಗೆ ನಾಚಿಕೆಯಾಯಿತು. ಆದರೆ ತಡವಾಗಿತ್ತು, ಕಟ್ಟಡದ ಬಾಗಿಲಲ್ಲಿ ನಮ್ಮ ಹೊತ್ತಿನವರನ್ನು ಆಗಲೇ ಕರೆಯುತ್ತಿದ್ದರು. ಚೀಲ ಪರೀಕ್ಷೆ ಮಾಡುವ ಯಂತ್ರದಲ್ಲಿ ನಮ್ಮ ಡಬ್ಬಿ ಸಿಕ್ಕಿಬಿದ್ದಿತು. ಕಾವಲಿನವನು ಮುಚ್ಚಳ ತೆರೆದ, ಮೂಗು ಅರಳಿಸಿದ. ನಮ್ಮ ಮುಖ ನೋಡಿ, ಮೆಲ್ಲಗೆ ತುಳುವಿನಲ್ಲಿ ಕೇಳಿದ: "ಅಜ್ಜ, ಊರು ಎಲ್ಲಿ?"

ಅವನು ಕನ್ಯಾನದ ಬ್ಯಾರಿ, ನಮ್ಮ ಕರಾವಳಿಯ ಮುಸಲ್ಮಾನ. ಹೆಸರುಂಡೆಯ ವಾಸನೆಯಲ್ಲೇ ಜಿಲ್ಲೆ ಹಿಡಿದಿದ್ದ. ಮೇಲೆ ತಿಂಡಿ ಒಯ್ಯಲಿಕ್ಕಿಲ್ಲ, ತಿನ್ನಲಿಕ್ಕೂ ಇಲ್ಲ ಎಂದ. ನಮ್ಮ ನಿಯಮ ಹೇಳಿದೆ. ಅವನಿಗೆ ಅರ್ಧ ಮಾತಿಗೇ ಅರ್ಥವಾಯಿತು.

"ಒಳ್ಳೇದಾಯ್ತು ಅಜ್ಜ. ಉಪವಾಸದ ತಿಂಗಳಲ್ಲಿ ನಾವು ಸೂರ್ಯ ಮುಳುಗಲಿ ಅಂತ ಕಾಯ್ತೇವೆ, ನೀವು ಮುಳುಗದಿರಲಿ ಅಂತ ಕಾಯ್ತೀರಿ. ಒಬ್ಬನೇ ಸೂರ್ಯ, ಅವನು ಎಂಥ ಮಾಡುದು?" ಮತ್ತೆ ಮೇಲೆ ಬೆರಳು ಮಾಡಿ ಹೇಳಿದ: "ಈ ಕಟ್ಟಡದ ತಲೆಯಲ್ಲಿ ಇರುವವರು ಉಪವಾಸ ಬಿಡುವುದು ನಮಗಿಂತ ತಡ. ಇಲ್ಲಿ ಮುಳುಗಿದ ಮೇಲೂ ಅಲ್ಲಿಗೆ ಅವನು ಸ್ವಲ್ಪ ಹೊತ್ತು ಕಾಣ್ತಾನೆ."

ಆ ಮಾತು ನನ್ನ ಕಿವಿಗೆ ಟೊಪ್ಪಿಯ ಮೇಲಿನಿಂದಲೇ ಇಳಿಯಿತು.

ಸುಲೋಚನಳಿಗೆ ಲಿಫ್ಟು ಆಗುವುದಿಲ್ಲ, ತಲೆ ತಿರುಗುತ್ತದೆ. "ನೀವು ನೋಡಿ ಬನ್ನಿ. ನಾನು, ಸುಂದರಣ್ಣ ಕೊಳದ ಹತ್ತಿರ ಕೂತಿರ್ತೇವೆ" ಎಂದಳು. ಮತ್ತೆ, "ಹೊತ್ತುಂಟು. ಇಲ್ಲೇ ಒಂದು ತಿಂದು ಹೋಗಿ" ಎಂದಳು.

ಎಲ್ಲರ ಮುಂದೆ, ಬಾಗಿಲಲ್ಲಿ ನಿಂತು, ಗಬಗಬ ತಿನ್ನುವುದೇ? ನಾನು ಗಂಭೀರವಾಗಿ ಹೇಳಿದೆ: "ಬೇಡ. ಈಗ ಹೋಗಿ ಈಗ ಬಂದೆ. ಬಂದ ಮೇಲೆ ಒಟ್ಟಿಗೆ ತಿನ್ನುವ."

ಇಲ್ಲಿಯವರೆಗೆ ನನ್ನದು ಬರೀ ದಡ್ಡತನ. ಇನ್ನು ಮುಂದಿನದ್ದಕ್ಕೆ ಆ ಹೆಸರು ಸಾಲದು. ಡಬ್ಬಿಯನ್ನು ಎತ್ತಿ ಅವಳ ಕೈಗೆ ಕೊಡುವ ಮೊದಲು, ಅವಳು ಸುಂದರನ ಕಡೆ ತಿರುಗಿದ್ದಾಗ, ನಾನು ಒಂದು ಉಂಡೆ ತೆಗೆದೆ. ಯಾವುದಕ್ಕೂ ಇರಲಿ ಎಂದು. ಟೊಪ್ಪಿ ಸರಿ ಮಾಡುವವನ ಹಾಗೆ ಕೈ ಎತ್ತಿ, ಅದನ್ನು ಟೊಪ್ಪಿಯ ಒಳಗೆ ಇಟ್ಟೆ.

ಕಟ್ಟಡದ ತಲೆಯಲ್ಲಿ

ಒಳಗೆ ಸಾಲು ಮುಗಿಯುವುದೇ ಇಲ್ಲ. ತಿರುಗಿ ತಿರುಗಿ ಹೋಗುತ್ತದೆ, ಅಕ್ಕಿಮುಡಿಗೆ ಸುತ್ತಿದ ಹುಲ್ಲಿನ ಬಳ್ಳಿಯ ಹಾಗೆ. ಮುಂದೆ ಒಂದು ಮಗು ತಾಯಿಯ ಹೆಗಲ ಮೇಲಿನಿಂದ ನನ್ನ ತಲೆಯ ಬುಗುಟನ್ನೇ ನೋಡುತ್ತಿತ್ತು. ನಾನು ನಕ್ಕೆ. ಅದು ಅತ್ತಿತು. ಲಿಫ್ಟು ಮಾತ್ರ ರಾಕೆಟ್ಟಿನ ಹಾಗೆ ಏರಿತು. ಕಿವಿ ಮುಚ್ಚಿತು, ಹೊಟ್ಟೆ ಬುಡದಲ್ಲೇ ಉಳಿಯಿತು. ಉಂಡೆ ತಲೆಯನ್ನು ಒತ್ತಿತು.

ಮೇಲೆ ಬಂದರೆ ಸೂರ್ಯನ ಕಡೆಯ ಗಾಜಿಗೆ ಜನ ಜೇನುಹುಟ್ಟಿನ ಹಾಗೆ ಅಂಟಿದ್ದಾರೆ. ಎಲ್ಲರ ಕೈಯಲ್ಲೂ ಮೊಬೈಲು. ಕೆಳಗೆ ನೋಡಿದರೆ ನೆಲಕ್ಕೆ ಕತ್ತಲೆಯ ಬಣ್ಣ ಬಂದಾಗಿದೆ, ದೀಪ ಹೊತ್ತಿವೆ. ಸುಲೋಚನಳಿಗೆ ಹೊತ್ತು ಮುಳುಗಿತು ಎಂದು ನನಗೆ ಅಲ್ಲಿ ನಿಂತೇ ಗೊತ್ತಾಯಿತು. ಒಟ್ಟಿಗೆ ತಿನ್ನುವುದು ಇನ್ನು ಆಗದ ಮಾತು. ಆದರೆ ನನ್ನ ಸೂರ್ಯ ಇರಬಹುದು. ಸೂರ್ಯನನ್ನು ಕಣ್ಣಿಂದ ನೋಡದೆ ತಿನ್ನುವ ಹಾಗಿಲ್ಲ. ನಾನು ಜನರ ನಡುವೆ ನುಗ್ಗಿದೆ. "ಪ್ಲೀಸ್, ಸನ್! ಪ್ಲೀಸ್, ಸನ್!" ಎಂದು ಕೂಗಿದೆ. ಒಬ್ಬಳು ವಯಸ್ಸಾದ ವಿದೇಶಿ ಹೆಂಗಸಿಗೆ ನನ್ನ ಮುಖ ನೋಡಿ ಕಣ್ಣು ತುಂಬಿ ಬಂತು. ಈ ಮುದುಕನಿಗೆ ಸೂರ್ಯನ ಮೇಲೆ ಎಷ್ಟು ಪ್ರೀತಿ ಎಂದುಕೊಂಡಳೋ ಏನೋ, ತನ್ನ ಜಾಗ ಬಿಟ್ಟುಕೊಟ್ಟಳು.

ಇದ್ದ! ಮೇಲಿನ ಚೂರು ಮಾತ್ರ. ಕುಚ್ಚಲಕ್ಕಿಯ ಹಪ್ಪಳದ ತುಂಡಿನಷ್ಟು.

ನಾನು ಟೊಪ್ಪಿ ತೆಗೆದೆ. ಹೆಂಗಸು ಅದನ್ನು ಗೌರವ ಎಂದು ತಿಳಿದು ತಲೆ ಬಾಗಿಸಿದಳು. ನಾನು ಟೊಪ್ಪಿಯಿಂದ ಉಂಡೆ ತೆಗೆದೆ, ಇಡೀ ಉಂಡೆಯನ್ನು ಒಮ್ಮೆಗೇ ಬಾಯಿಗೆ ಹಾಕಿದೆ.

ಹೆಸರುಂಡೆ ಹಾಗೆ ತಿನ್ನುವ ವಸ್ತುವಲ್ಲ. ಅದು ಹುಡಿ. ಬಾಯಿಗೆ ಹೋದ ಕೂಡಲೇ ಎಲ್ಲಾ ಕಡೆ ಹಬ್ಬಿ ಸಿಮೆಂಟಿನ ಹಾಗೆ ಹಿಡಿಯುತ್ತದೆ. ಅರ್ಧ ಇಳಿಯಿತು. ಇನ್ನರ್ಧ ಗಂಟಲಲ್ಲಿ ನಿಂತಿತು. ಅಷ್ಟರಲ್ಲಿ ಸುತ್ತಲೂ "ಓ..." ಎಂದು ಒಂದು ಉದ್ಗಾರ, ಚಪ್ಪಾಳೆ. ಸೂರ್ಯ ಹೋದ.

ಹೋದವನು ಹೋದ. ನನ್ನ ಬಾಯಲ್ಲಿ ಅರ್ಧ ಉಂಡೆ. ಉಗುಳಬೇಕು, ಎಲ್ಲಿ ಉಗುಳುವುದು? ನೆಲದಲ್ಲಿ ನನ್ನ ಮುಖ ಕಾಣುತ್ತದೆ, ಅಷ್ಟು ಶುಭ್ರ. ನುಂಗಿದರೆ ನಿಯಮ ಮುರಿಯಿತು. ಮೂಡುಬಿದಿರೆಯಲ್ಲಿ ನನ್ನಂಥವನೊಬ್ಬ ಇದ್ದಿದ್ದರೆ "ಆಯಿತು!" ಎಂದು ಕೂಗುತ್ತಿದ್ದ. ಹಾಗೆ ಯೋಚಿಸುವಾಗಲೇ ಕೆಮ್ಮು ಬಂತು. ಹೆಸರಿನ ಹುಡಿ ಆ ಗಾಜಿನ ಮೇಲೆಲ್ಲ ಹಾರಿತು. ಮೊಬೈಲುಗಳು ಹಿಂದೆ ಸರಿದವು. ನನಗೆ ಉಸಿರು ಸಿಗಲಿಲ್ಲ.

ಆ ಹೆಂಗಸು ಏನೂ ಕೇಳಲಿಲ್ಲ. ಒಂದು ಕೈ ನನ್ನ ಬೆನ್ನ ಮೇಲೆ ಇಟ್ಟು, ಇನ್ನೊಂದು ಕೈಯಲ್ಲಿ ತನ್ನ ನೀರಿನ ಬಾಟಲಿ ಕೊಟ್ಟಳು.

ನಾನು ಕುಡಿದೆ. ಮುಕ್ಕಾಲು ಬಾಟಲಿ ಕುಡಿದೆ. ಉಂಡೆ ಇಳಿಯಿತು. ಅಷ್ಟು ರುಚಿಯಾದ ನೀರನ್ನು ನಾನು ಜನ್ಮದಲ್ಲಿ ಕುಡಿದಿಲ್ಲ, ಅದನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಪುನಃ ಬುಡದಲ್ಲಿ

ಕೆಳಗೆ ಬಾಗಿಲಲ್ಲಿ ಕನ್ಯಾನದವನು ನನ್ನನ್ನು ನೋಡಿದ. ತನ್ನ ಮೀಸೆಯನ್ನು ಎರಡು ಸಲ ಒರೆಸಿಕೊಂಡು ತೋರಿಸಿದ. ನಾನು ನನ್ನ ಮೀಸೆ ಒರೆಸಿಕೊಂಡೆ. ಹುಡಿ ಉದುರಿತು. ಅವನು ಬೇರೆ ಕಡೆ ನೋಡಿದ.

ಕೊಳದ ಹತ್ತಿರ ನೀರು ಕುಣಿಯುತ್ತಿತ್ತು, ಹಾಡು ಹಾಕಿದ್ದರು. ಸುಲೋಚನ ಬೆಂಚಿನಲ್ಲಿ ಕುಳಿತಿದ್ದಳು. ಡಬ್ಬಿ ಮಡಿಲಲ್ಲಿ, ಎರಡೂ ಕೈ ಡಬ್ಬಿಯ ಮೇಲೆ.

"ನೀನು ತಿಂದೆಯಾ?" ಎಂದೆ.

"ಒಟ್ಟಿಗೆ ತಿನ್ನುವ ಅಂದಿರಲ್ಲ."

"ನಾನೂ ಎಷ್ಟು ಹೇಳಿದೆ ಮಾರಾಯ," ಎಂದ ಸುಂದರ, "ಅಕ್ಕ, ಸೂರ್ಯ ಉಂಟು, ತಿನ್ನಿ, ತಿನ್ನಿ ಅಂತ. ಅವರು ಬರಲಿ, ಅವರು ಬರಲಿ ಅಂತ ಇವರು. ಸೂರ್ಯ ಮುಳುಗಿಯೇ ಹೋದ. ನೀನು ಎಂಥದಾದ್ರೂ ತಿಂದೆಯಾ?"

ಈ ಪ್ರಶ್ನೆಗೆ ಹೌದು ಎಂದು ಹೇಳಲು ಒಂದೇ ಶಬ್ದ ಸಾಕಿತ್ತು. ನಾನು ಹೇಳಿದ್ದು: "ಮೇಲೆ ತಿನ್ನಲಿಕ್ಕೆ ಬಿಡುವುದಿಲ್ಲವಲ್ಲ."

ಸುಂದರ ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದ. ಅವನ ಕಣ್ಣು ಒದ್ದೆಯಾಗಿತ್ತು. "ನಿನ್ನನ್ನು ಇಡೀ ದಿನ ತಮಾಷೆ ಮಾಡಿದೆ. ತಪ್ಪಾಯ್ತು ಧರಣಿ" ಎಂದ. ಮನೆಗೆ ಹೋಗುವ ದಾರಿಯಲ್ಲೇ ಊರಿಗೆ ಫೋನು ಮಾಡಿ ನಾಲ್ಕು ಜನಕ್ಕೆ ಹೇಳಿದ. ಹಿಂದಿನ ಸೀಟಿನಲ್ಲಿ ಸುಲೋಚನ ಕಿಟಕಿಯ ಹೊರಗೆ ನೋಡುತ್ತಿದ್ದಳು. ತುಟಿ ಒಣಗಿತ್ತು. ನನ್ನ ಹೊಟ್ಟೆಯಲ್ಲಿ ಮುಕ್ಕಾಲು ಬಾಟಲಿ ನೀರು ಕಾರಿನ ತಿರುವಿಗೆಲ್ಲ ಕುಲುಕುತ್ತಿತ್ತು.

ಮೂಡುಬಿದಿರೆಯಲ್ಲಿ

ಊರಿಗೆ ಬಂದ ಮೇಲೆ ಹೊಗಳಿಕೆ ತಡೆಯಲಾಗಲಿಲ್ಲ. ಪಾಠಶಾಲೆಯ ಮಕ್ಕಳಿಗೆ ನಿಯಮದ ಬಗ್ಗೆ ನಾಲ್ಕು ಮಾತು ಹೇಳಬೇಕು ಎಂದು ಬಸದಿಯಿಂದ ಹೇಳಿಕಳುಹಿಸಿದರು. ಆ ಬೆಳಿಗ್ಗೆ ನಾನು ಹಿತ್ತಲಿಗೆ ಹೋದೆ. ಸುಲೋಚನ ಬಟ್ಟೆ ಒಣಗಿಸುತ್ತಿದ್ದಳು.

"ಒಂದು ಮಾತು ಹೇಳ್ಲಿಕ್ಕುಂಟು," ಎಂದೆ. "ಆ ದಿನ ಮೇಲೆ ಹೋದಾಗ ನಾನು..."

"ಟೊಪ್ಪಿ ಒಗೆದದ್ದು ಯಾರು?" ಎಂದಳು ಅವಳು.

ನನ್ನ ಕೈ ತಲೆಗೆ ಹೋಯಿತು.

"ತುಪ್ಪದ ಕಲೆ ಮೂರು ಸಲ ಸಾಬೂನು ಹಾಕಿದರೂ ಹೋಗ್ಲಿಲ್ಲ. ಉಲ್ಲನಿನ ಎಳೆಎಳೆಯಲ್ಲಿ ಹೆಸರಿನ ಹುಡಿ. ನಾನು ಕಟ್ಟಿದ ಉಂಡೆ ನನಗೆ ಗೊತ್ತಾಗುದಿಲ್ವಾ?"

"ಮತ್ತೆ ಯಾಕೆ ಹೇಳ್ಲಿಲ್ಲ?"

"ನಿಮ್ಮ ಬಾಯಿ ತಾನಾಗಿ ತೆರೆಯಲಿ ಅಂತ. ತಿನ್ಲಿಕ್ಕೆ ತೆರೀತದಲ್ಲ."

ಪ್ರಾಯಶ್ಚಿತ್ತಕ್ಕೆ ಮೂರು ದಿನ ಉಪವಾಸ ಮಾಡುತ್ತೇನೆ ಎಂದೆ. ಅವಳು ಒದ್ದೆ ಪಂಚೆಯನ್ನು ಜೋರಾಗಿ ಕೊಡವಿದಳು. ನೀರು ನನ್ನ ಮುಖಕ್ಕೆ ಹಾರಿತು. "ಉಪವಾಸ ಎಂಥದೂ ಬೇಡ. ಮಾಡಿದರೆ ಅದನ್ನೂ ಊರಿಡೀ ಹೇಳ್ತೀರಿ. ನೀವು ಇನ್ನು ಪಂಕ್ತಿಯಲ್ಲಿ ವಾಚು ನೋಡ್ಲಿಕ್ಕಿಲ್ಲ. ಅಷ್ಟು ಸಾಕು."

ಮಕ್ಕಳಿಗೆ ಭಾಷಣ ಮಾಡಲಿಕ್ಕೆ ನಾನು ಯೋಗ್ಯನಲ್ಲ ಎಂದು ಹೇಳಿಕಳುಹಿಸಿದೆ. ಅದನ್ನೂ ವಿನಯ ಎಂದರು. ಅದಕ್ಕೇ ಇದನ್ನು ಬರೆದದ್ದು.

ಕಳೆದ ವಾರ ಬೆಳ್ತಂಗಡಿಯ ಕಡೆ ಒಂದು ಗೃಹಪ್ರವೇಶ ಇತ್ತು. ಸಂಜೆಯ ಊಟ. ವಾಚು ಮನೆಯಲ್ಲೇ ಬಿಟ್ಟು ಹೋಗಿದ್ದೆ. ನಾನು ಊಟ ಮುಗಿಸಿ ಕೈತೊಳೆದು, ಪಂಕ್ತಿಯ ತುದಿಯಲ್ಲಿ ಒಂದು ಕುರ್ಚಿ ಹಾಕಿ ಕುಳಿತಿದ್ದೆ. ಬಾಗಿಲ ಹೊರಗೆ ಬಸ್ಸು ನಿಂತ ಸದ್ದು, ಓಡಿಬರುವ ಚಪ್ಪಲಿಯ ಸದ್ದು. ಒಳಗೆ ಬಂದ ಅನಂತಣ್ಣ ನನ್ನನ್ನು ಕಂಡು ಹೊಸ್ತಿಲಲ್ಲೇ ನಿಂತ. ಪಡುವಣದ ಕಿಟಕಿ ಅವನ ಎದುರಿಗೇ ಇತ್ತು. ಸೂರ್ಯ ಇದ್ದನೋ, ಇರಲಿಲ್ಲವೋ, ನನಗೆ ಗೊತ್ತಿಲ್ಲ.

ನಾನು ಎದ್ದೆ. ಕುರ್ಚಿಯನ್ನು ಎತ್ತಿ ಪೂರ್ವದ ಗೋಡೆಗೆ ತಿರುಗಿಸಿ ಕುಳಿತೆ.

ಹಿಂದೆ ಚಪ್ಪಲಿ ಕಳಚಿದ ಸದ್ದು. ಮತ್ತೆ ಎಲೆ ಹಾಕಿದ ಸದ್ದು. ಮತ್ತೆ ಹಪ್ಪಳ ಮುರಿದ ಸದ್ದು. ಅವಸರದಲ್ಲಿ ತಿಂದನೋ ಏನೋ, ಕೆಮ್ಮು ಬಂತು, ನಿಲ್ಲದ ಕೆಮ್ಮು. ನನ್ನ ಪಕ್ಕದ ಮೇಜಿನಲ್ಲಿ ನೀರಿನ ಲೋಟ ಇತ್ತು. ನಾನು ತಿರುಗಲಿಲ್ಲ. ಗೋಡೆಯನ್ನೇ ನೋಡುತ್ತಾ ಲೋಟವನ್ನು ಹಿಂದಕ್ಕೆ ಚಾಚಿದೆ.

ಒಂದು ಕೈ ಬಂದು ಅದನ್ನು ತೆಗೆದುಕೊಂಡಿತು.